ಅರಕು ಘಾಟಿನ ಅರ್ಧ ಹೋಳು

ಯಜಮಾನರಿಗೆ ವಿಶಾಖಪಟ್ಟಣದ ಬ್ಯಾಂಕಿಗೆ ವರ್ಗವಾದ ವರ್ಷ, ಜಡಿಮಳೆಯಲ್ಲೇ ಮಗಳು ತೃಪ್ತಿಯೊಡನೆ ಅರಕುವಿಗೆ ಹೊರಟೆವು. ಘಾಟಿನ ಗುಡಿಯಲ್ಲಿ ಕಾಯಿ ಒಡೆಸಿ, ನಮ್ಮೂರ ರೂಢಿಯಂತೆ ಅರ್ಧ ಹೋಳು ಕಾರಿಗೆ ತಂದೆವು.

“ವದ್ದು ಸಾರ್!” ಬೇಡವೆಂದು ತೆಲುಗಿನಲ್ಲಿ ಡ್ರೈವರ್ ಅಂಗಲಾಚಿದ. ಅಲ್ಲಿ ಎರಡೂ ಹೋಳು ಬಿಟ್ಟುಬರಬೇಕಂತೆ.

“ಪ್ರಸಾದ ಬಿಟ್ಟುಹೋಗೋದುಂಟೇನಯ್ಯಾ?” ಎಂದರು ಯಜಮಾನರು.

ಮೊದಲ ತಿರುವಿನಲ್ಲೇ ಕಾರಿನ ನೆತ್ತಿಗೆ ಏಟು ಬಿತ್ತು, ಕಲ್ಲಿಗೆ ಕಾಯಿ ಅಪ್ಪಳಿಸಿದಂತೆ. ತಿರುವಿಗೊಂದು ಏಟು. ತೃಪ್ತಿ ಆಟದಂತೆ ಎಣಿಸತೊಡಗಿದಳು. “ಏಳು” ಎನ್ನುತ್ತಲೇ ಯಜಮಾನರ ಹಣೆ ಸೀಳಿ, ರಕ್ತ ನನ್ನ ಮುಖಕ್ಕೆ ಚಿಮ್ಮಿತು. ಕಿರುಚುತ್ತ ಗಾಜಿಳಿಸಿ ಹೋಳನ್ನು ಎಸೆದೆ. ಏಟು ನಿಂತಿತು.

ಅರಕುವಿನ ಡಾಕ್ಟರು ಗಾಯದಿಂದ ಕರಟದ ಚೂರೊಂದನ್ನು ಕಿತ್ತರು. ಅದಕ್ಕೆ ಹಸಿ ತಿರುಳು ಅಂಟಿತ್ತು.

ನಾನು ಎಸೆಯುವವರೆಗೂ ಆ ಹೋಳು ನನ್ನ ಕೈಯಲ್ಲೇ ಇತ್ತು, ಎಲ್ಲೂ ಮುಕ್ಕಾಗದೆ.