ಅಳಿಸಬೇಕಿದ್ದ ಬೊಂಬೆ

“ಫೋಟೋ ಇಡ್ಕಬ್ಯಾಡ ಕಣಪ್ಪ. ಇದು ಅಳ್ಸಾಕೆ ಅಂತ್ಲೇ ಬರ್ದಿರಾದು.”

ಮಾಟ ತೆಗೆಯುವ ಮುದುಕಿ ಬೆಟ್ಟಮ್ಮ ಹೀಗೆಂದಾಗ ಮೋಹನ್‌ಕುಮಾರ್ ಆಗಲೇ ನಾಲ್ಕು ಫೋಟೋ ಹೊಡೆದಾಗಿತ್ತು. ಹಳೇಕೋಟೆಯ ಅಂಗಡಿಯೊಂದರ ಬೋರ್ಡಿಗೆ ಅಳತೆ ತೆಗೆಯಲು ಬಂದವನು, ಪಕ್ಕದ ಮನೆಯಿಂದ ಬೇವಿನ ಹೊಗೆ ಬಂತೆಂದು ಇಣುಕಿದ್ದ. ನಡುಮಧ್ಯಾಹ್ನದಲ್ಲೂ ಕಿಟಕಿಯಿಲ್ಲದ ಆ ಕೋಣೆ ಗವ್ವೆನ್ನುತ್ತಿತ್ತು. ಒಂದೇ ಒಂದು ಹಣತೆ. ಸಗಣಿ ಸಾರಿಸಿದ ನೆಲದ ಮೇಲೆ ಆಳೆತ್ತರದ ಬೊಂಬೆ ಮಲಗಿತ್ತು. ಅಕ್ಕಿಹಿಟ್ಟಿನ ಮೈ, ಅರಿಸಿನದ ಬಟ್ಟೆ, ಇದ್ದಲಪುಡಿಯ ಕೂದಲು. ಮೂಗಿತ್ತು, ಬಾಯಿತ್ತು. ಕಣ್ಣಿರಲಿಲ್ಲ.

ಬೊಂಬೆಯ ಕಾಲ ಬಳಿ ಆ ಮನೆಯ ಬಸವಲಿಂಗಮ್ಮ ಮುದುರಿ ಕೂತಿದ್ದಳು. ಯಾರೋ ಮಾಟ ಮಾಡಿಸಿದ್ದರಂತೆ. ಎಂಟು ದಿನದಿಂದ ಅವಳು ಮನೆಯವರ ಕಣ್ಣಿಗೇ ಬೀಳುತ್ತಿರಲಿಲ್ಲ. ಹೆತ್ತ ಮಕ್ಕಳೇ ಅಮ್ಮನ ಹೆಸರು ಕೇಳಿ, ಹಾಗಂದರೆ ಯಾರು ಎಂದಿದ್ದವಂತೆ. ಬೆಟ್ಟಮ್ಮ ಆ ಮಾಟವನ್ನು ಈ ಬೊಂಬೆಗೆ ಇಳಿಸಿದ ಮೇಲಷ್ಟೇ ಅವಳು ಕಾಣತೊಡಗಿದ್ದಂತೆ.

“ಕಣ್ಣೇ ಬರ್ದಿಲ್ವಲ್ಲಜ್ಜಿ?” ಎಂದ ಮೋಹನ್.

“ಕಣ್ಣಿದ್ರೆ ಯಾರ್ ತಾವ ಓಗ್ಬೇಕು ಅಂತ ನೋಡ್ಕತದೆ.”

“ಸರಿ, ಇದು ಯಾರ್ದು? ನಿಮ್ಮದಾ?”

ಮುದುಕಿ ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡಳು. “ಯಾರ್ದೂ ಅಲ್ಲ ಕಣಪ್ಪ. ನಂದು ಅಂದೋರ್ಗೆ ಅಂಟ್ಕತದೆ. ಮೊದ್ಲು ಮೊಕ ಓಯ್ತದೆ. ಆಮೇಲೆ ದನಿ. ಕಡೀಕೆ ಎಸ್ರು.”

“ಒಡೆಯರಿಲ್ದಿರೋ ಆಸ್ತಿ ಸಿಕ್ಕಿದ್ರೆ ಯಾರಾದ್ರೂ ಬಿಡ್ತಾರೇನಜ್ಜಿ?” ಎಂದು ಅವನು ನಕ್ಕ.

ಬಸವಲಿಂಗಮ್ಮ ಎದ್ದು ಎಡಗಾಲಿನ ಹಿಮ್ಮಡಿಯಿಂದ ಬೊಂಬೆಯನ್ನು ಒರೆಸಿದಳು. ಪುಡಿಯನ್ನು ಮೊರಕ್ಕೆ ಬಳಿದುಕೊಂಡು ಹಿಂದಿರುಗಿ ನೋಡದೆ ನಾಲೆಗೆ ಹೋಗಿ ಸುರಿದು ಬಂದಳು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು “ಅವ್ವಾ” ಎಂದು ಓಡಿಬಂದು ಅವಳನ್ನು ತಬ್ಬಿಕೊಂಡವು. ನಾಟಕ ಚೆನ್ನಾಗಿದೆ ಎಂದುಕೊಂಡು ಮೋಹನ್ ಬೈಕ್ ಹತ್ತಿದ.

ಅವನಿಗೂ ಅವನದೇ ಸಂಕಟವಿತ್ತು, ಅದನ್ನು ಹೇಳಬೇಕು. ಹೊಳೆನರಸೀಪುರದಲ್ಲಿ ಅವನದೊಂದು ಫ್ಲೆಕ್ಸ್ ಅಂಗಡಿ. ಹಿಂದೆಲ್ಲ ಹುಟ್ಟುಹಬ್ಬದ ಬ್ಯಾನರಿಗೆ ಅವನೇ ಕೈಯಾರೆ ಮುಖ ಬರೆದು ಕೊಡುತ್ತಿದ್ದ. ಈಗ ಗಿರಾಕಿಗಳು ಫೋನಿನಲ್ಲೇ ಎಐಗೆ ಹೇಳಿ ಚಿತ್ರ ಮಾಡಿಸಿಕೊಂಡು ಬರುತ್ತಾರೆ. ಒಬ್ಬ ತಂದ ಚಿತ್ರದಲ್ಲಿ ಮೀಸೆಯ ತಿರುವು ಥೇಟ್ ತಾನು ಬರೆಯುತ್ತಿದ್ದದ್ದೇ ಎನಿಸಿತ್ತು. ಯಾರನ್ನು ಕೇಳುವುದು? ಅಪ್ಪ ಅಮ್ಮ ಇಲ್ಲ, ಮದುವೆಯಾಗಿಲ್ಲ. ಚನ್ನರಾಯಪಟ್ಟಣದಲ್ಲಿ ಟೀಚರಾಗಿದ್ದ ತಂಗಿ ತೇಜಶ್ರೀ ದಿನಾ ಸಂಜೆ ಫೋನ್ ಮಾಡಿ “ಊಟಕ್ಕೇನಣ್ಣ?” ಎಂದು ಕೇಳುತ್ತಿದ್ದಳು. ಅವನನ್ನು ಮಾತಾಡಿಸುವವಳು ಅವಳೊಬ್ಬಳೇ. ಇದು ನನ್ನದು ಎಂದು ಒಂದನ್ನಾದರೂ ತೋರಿಸಬೇಕೆಂದು ಅವನು ಹಂಬಲಿಸುತ್ತಿದ್ದ.

ಅಂಗಡಿಗೆ ಬಂದವನೇ ಫೋಟೋಗಳನ್ನು ಎಐಗೆ ಕೊಟ್ಟ. ಗಳಿಗೆಯಲ್ಲಿ ಬೊಂಬೆ ಎದ್ದು ನಿಂತಿತು. ಕೇಳದಿದ್ದರೂ ಯಂತ್ರ ಅದಕ್ಕೆ ಎರಡು ಕಣ್ಣಿಟ್ಟಿತ್ತು. ಆಮೇಲೆ ಅದನ್ನು ಬ್ಲಾಕ್‌ಚೈನಿಗೆ ಏರಿಸಿದ. ಸಾವಿರಾರು ಕಂಪ್ಯೂಟರುಗಳು ಕಾಯುವ, ಒಮ್ಮೆ ಬರೆದರೆ ಯಾರೂ ಅಳಿಸಲಾಗದ ದಾಖಲೆ ಅದು. ಚಿತ್ರ ಯಾರದೆಂದು ಲೋಕಕ್ಕೆಲ್ಲ ಸಾರುತ್ತದೆ. ಒಡೆಯ: ಮೋಹನ್‌ಕುಮಾರ್. ಒತ್ತಿದ.

ಕಂಪ್ಯೂಟರಿನ ಫ್ಯಾನು ಒಮ್ಮೆ ನಿಂತಿತು. ಅದರೊಳಗಿಂದ ಹಿಟ್ಟು ಉದುರುವಂಥ ಸದ್ದು. ಸರ್, ಸರ್. ಅಂಗಡಿಯ ತುಂಬ ಬೇವಿನ ಹೊಗೆಯ ವಾಸನೆ.

ಮರುದಿನ ಫೋನು ಅವನ ಮುಖ ಗುರುತಿಸಲಿಲ್ಲ. ನಂಬರ್ ಒತ್ತಿ ತೆರೆದ. ಹೋಟೆಲಿನಲ್ಲಿ ದೋಸೆ ಹೇಳಿ ಕೂತೇ ಇದ್ದ. ಯಾರೋ ಬಂದು ಅವನ ತೊಡೆಯ ಮೇಲೇ ಕೂರಲು ಹೋದರು. ಬಸ್ಸಿನಲ್ಲಿ ಕಂಡಕ್ಟರು ಅವನನ್ನು ದಾಟಿ ಹೋದ. ಕೂಗಿದ. ಯಾರೂ ತಿರುಗಲಿಲ್ಲ. ಸಂಜೆ ತೇಜಶ್ರೀ ಫೋನು ಬಂತು.

“ಹಲೋ? ಅಣ್ಣಾ? ಏನೂ ಕೇಳಿಸ್ತಿಲ್ಲ ಕಣೋ.”

“ತೇಜೂ! ಇಲ್ಲೇ ಇದೀನಿ!”

“ಅಣ್ಣಾ...” ಎನ್ನುತ್ತ ಅವಳು ಇಟ್ಟುಬಿಟ್ಟಳು. ಅಷ್ಟು ಒಂಟಿತನವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕತ್ತಿನ ಹಿಂದೆ ಯಾರೋ ನಿಂತು ನೋಡುತ್ತಿದ್ದರು. ತಿರುಗಿದರೆ ಪರದೆಯ ಮೇಲೆ ಆ ಎರಡು ಕಣ್ಣು.

ಹಳೇಕೋಟೆಗೆ ಓಡಿದ. ಬೆಟ್ಟಮ್ಮನಿಗೂ ಅವನು ಕಾಣಲಿಲ್ಲ. ಆದರೆ ಹೊಸ್ತಿಲ ಮೇಲೆ ಹಿಟ್ಟಿನ ಹೆಜ್ಜೆ ಮೂಡಿದ್ದನ್ನು ನೋಡಿ ಮುದುಕಿ ಹಿಂದಕ್ಕೆ ಸರಿದಳು.

“ನೆನ್ನೆ ಫೋಟೋದವ್ನಾ? ಅಳಿಸ್ಬುಡಪ್ಪ, ಈಗ್ಲೇ ಅಳಿಸ್ಬುಡು. ಆಗ್ನಿಲ್ಲ ಅಂದ್ರೆ ಇನ್ಯಾರಾರ ನಂದು ಅನ್ಬೇಕು. ಅಂಗ್ ಮಾತ್ರ ಮಾಡ್ಬ್ಯಾಡ. ಕೈ ಬದ್ಲಾದಂಗೆಲ್ಲ ಜೋರಾಯ್ತದೆ.”

ಅಳಿಸಲು ಬರುವುದಿಲ್ಲವಲ್ಲ. ಅದನ್ನೇ ಮೆಚ್ಚಿ ಅಲ್ಲಿಗೇರಿಸಿದ್ದು. ಅವನು ಅಳುತ್ತಲೇ ಚಿತ್ರವನ್ನು ಮಾರಾಟಕ್ಕಿಟ್ಟ. ಎಲ್ಲೋ ದೂರದೇಶದ ಮುಖ ಕಾಣದವನೊಬ್ಬ ಕೊಳ್ಳಲಿ ಎಂದು ಬೇಡಿಕೊಂಡ. ಪಾಪವೆಂದು ಗೊತ್ತಿತ್ತು. ಆದರೂ ಬೇಡಿಕೊಂಡ.

ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ಹೋಟೆಲಿನವನು ಕೈ ಬೀಸಿದ. “ಏನ್ ಸಾ, ನೆನ್ನೆಯೆಲ್ಲ ಕಾಣ್ಲೇ ಇಲ್ಲ!”

ಮೋಹನ್ ಅವನನ್ನು ತಬ್ಬಿಕೊಂಡೇಬಿಟ್ಟ. ಜೀವ ಬಂದಂತಾಯಿತು. ಆಮೇಲೆ ಫೋನು ತೆರೆದ. ಚಿತ್ರ ಮಾರಾಟವಾಗಿತ್ತು. ಕೊಂಡವರು ಬರೆದಿದ್ದರು:

“ಅಣ್ಣ, ಫೋನಲ್ಲಿ ನಿನ್ನ ದನಿನೇ ಬರ್ತಿಲ್ಲ. ಬೇಜಾರಲ್ಲಿದೀಯಾ? ನೀನು ಚಿತ್ರ ಇಟ್ಟಿದ್ದು ಈ ಆ್ಯಪಲ್ಲಿ ಕಂಡೆ. ಇಲ್ಲಿರೋ ನಿನ್ನ ಮೊದಲ್ನೇ ಚಿತ್ರ ಇನ್ಮೇಲೆ ನಂದು!”

ಒಡೆಯ: ತೇಜಶ್ರೀ.

ಚನ್ನರಾಯಪಟ್ಟಣದ ಬಸ್ಸು ಅಷ್ಟು ನಿಧಾನವಾಗಿ ಎಂದೂ ಹೋಗಿರಲಿಲ್ಲ. ಅವಳ ಬಾಡಿಗೆ ಮನೆಯ ಒಡತಿ ಅವನನ್ನೇ ಅನುಮಾನದಿಂದ ನೋಡಿದಳು. “ತೇಜಶ್ರೀನಾ? ಆ ರೂಮು ಖಾಲಿ ಐತಲ್ಲಪ್ಪ.”

ಬಾಗಿಲು ತಳ್ಳಿದ. ಬೇವಿನ ಹೊಗೆ. ಮೇಜಿನ ಮೇಲೆ ಲೋಟದಲ್ಲಿ ಕಾಫಿ ಇನ್ನೂ ಬಿಸಿಯಿತ್ತು. ಕೋಣೆಯಲ್ಲಿ ಯಾರೂ ಇಲ್ಲ. ನೆಲದ ಮೇಲೆ ಹಿಟ್ಟಿನ ಹೆಜ್ಜೆಗಳು. ಅವನ ಕಡೆಗೆ ಬಂದವು. ಎದುರಿಗೇ ನಿಂತವು.

ಅವನು ಕುಸಿದು ಕೂತು ಎಲ್ಲವನ್ನೂ ಹೇಳಿದ. ಮುದುಕಿಯ ಮಾತು, ತನ್ನ ನಗು, ಬೇರೆ ಯಾರಿಗಾದರೂ ಅಂಟಲಿ ಎಂದು ಮಾರಿದ್ದು, ಎಲ್ಲವನ್ನೂ. “ನನಗೇ ವಾಪಸ್ ಕೊಡು ತೇಜೂ. ನಿನ್ನ ದಮ್ಮಯ್ಯ.” ಚಿತ್ರವನ್ನು ಕೊಳ್ಳುವುದಾಗಿ ಫೋನಿನಲ್ಲಿ ಒತ್ತಿದ. ಕಾದ. ಅವಳು ಎಲ್ಲೂ ಕಾಣದಿದ್ದರೂ ಆ ದಾಖಲೆಯಲ್ಲಿ ಇದ್ದಳು.

ಫೋನು ಕಂಪಿಸಿತು. ಒಡೆಯರು ಒಪ್ಪಿಲ್ಲ.

ಮತ್ತೆ ಒತ್ತಿದ. ಒಡೆಯರು ಒಪ್ಪಿಲ್ಲ.

“ಬೇಡ ಕಣೇ!” ಎಂದು ಕಿರುಚಿದ. ಮತ್ತೆ. ಮತ್ತೆ. ಒಡೆಯರು ಒಪ್ಪಿಲ್ಲ. ಅವನಿಗೂ ಕೊಡಳು, ಬೇರೆಯವರಿಗೂ ದಾಟಿಸಳು. ಚಿಕ್ಕವಳಿದ್ದಾಗಲೂ ಅಷ್ಟೇ ಹಟ. ತಲೆಯ ಮೇಲೆ ಹಗುರಾಗಿ ಏನೋ ಸವರಿದಂತಾಯಿತು. ಕೈ ಚಾಚಿದ. ಬೆರಳಿಗೆ ಬರೀ ಹಿಟ್ಟು ಅಂಟಿತು.

ಎಷ್ಟು ಹೊತ್ತು ಅಳುತ್ತ ಕೂತಿದ್ದನೋ. ಹೊರಗೆ ಶಾಲೆ ಬಿಟ್ಟ ಮಕ್ಕಳ ಗಲಾಟೆ ಕೇಳಿಸಿ ತಲೆಯೆತ್ತಿದ. ಯಾರದೋ ಖಾಲಿ ಕೋಣೆ. ಪರದೆಯ ಮೇಲೆ ಒಂದು ಹೆಸರಿತ್ತು. ತೇಜಶ್ರೀ. ಎರಡು ಸಲ ಓದಿದ. ಯಾರಿರಬಹುದು? ಕೆನ್ನೆ ಏಕೆ ಒದ್ದೆಯಾಗಿದೆಯೋ ತಿಳಿಯದೆ ಒರೆಸಿಕೊಂಡು, ಅಂಗಿಯ ಮೇಲಿನ ಹಿಟ್ಟು ಕೊಡವಿ, ಬಾಗಿಲು ಮುಂದೆಳೆದುಕೊಂಡು ಅವನು ಬಸ್‌ ಸ್ಟ್ಯಾಂಡಿನ ಕಡೆ ನಡೆದ.

ಅಂದು ಸಂಜೆ ಫೋನು ಹೊಡೆದುಕೊಂಡಿತು. ಪರದೆಯಲ್ಲಿ ಹೆಸರಿರಲಿಲ್ಲ. ಎತ್ತಿದ. ಆ ಕಡೆಯಿಂದ ಸದ್ದಿಲ್ಲ.

“ಹಲೋ, ಯಾರು?” ಎಂದು ಕೇಳಿ, ಸ್ವಲ್ಪ ಹೊತ್ತು ಕಾದು, ಇಟ್ಟುಬಿಟ್ಟ.