ಗ್ರಹಣದ ಮಧ್ಯಾಹ್ನ ಖಾಲಿಯಿದ್ದ ಲೈನು

“ಕಡೂರ್! ಕಡೂರ್! ಆ ಲೈನ್ ಬಿಡ್ತೀರೋ ಇಲ್ವೋ?”

ಹೆಡ್‌ಸೆಟ್‌ನಲ್ಲಿ ಗಂಡುದನಿಯೊಂದು ಗುಡುಗಿದ ರಭಸಕ್ಕೆ ಗಿರಿಜಾಂಬಳ ಕೈಯಲ್ಲಿದ್ದ ಪ್ಲಗ್ ಜಾರಿ ಬಿತ್ತು. 1978ರ ಮಳೆಗಾಲ. ಕಡೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳು ಲೈನು ಕೂಡಿಸುವ ಬೋರ್ಡಿನ ಮುಂದೆ ಒಬ್ಬಳೇ ಕೂತ ಮೊದಲ ದಿನ.

“ಯಾರ್ರೀ ಅದು, ಹಿಂಗೆ ಕಿರಚೋದು?”

“ತರೀಕೆರೆ ಆಪರೇಟರ್. ಇಲ್ಲಿ ಲಕ್ಕವಳ್ಳಿಯಿಂದ ಒಬ್ಬಮ್ಮ ಬಂದು ಅಳ್ತಾ ನಿಂತವ್ಳೆ. ಮಗಳು ನಿಮ್ಮೂರ ಆಸ್ಪತ್ರೇಲಿ ಹೆರಿಗೆಗೆ ಸೇರವ್ಳೆ. ಅರ್ಜೆಂಟ್ ಕಾಲ್. ಲೈನ್ ಬೇಕು!”

ಆ ಹೊತ್ತಿಗೆ ಎರಡು ಊರುಗಳ ನಡುವೆ ಕೆಡದೆ ಉಳಿದಿದ್ದ ಲೈನು ಒಂದೇ. ಅದರ ಮೇಲೆ ಕಡೂರಿನ ಮಂಡಿ ಸಾಹುಕಾರರೊಬ್ಬರು ತರೀಕೆರೆಯ ಮೂಲಕ ಅಜ್ಜಂಪುರದ ಈರುಳ್ಳಿ ವ್ಯಾಪಾರಿಯ ಜೊತೆ ದರ ಜಗ್ಗಾಡುತ್ತಿದ್ದರು.

“ಅವ್ರ ಮೂರು ನಿಮಿಷ ಇನ್ನೂ ಮುಗಿದಿಲ್ಲ. ನಿಯಮ ಇದೆ...”

“ಕಾಲ್ ಬುಕ್ ಮಾಡಿದ್ದು ನಿಮ್ಮೂರು. ಕಡಿಯೋ ಅಧಿಕಾರ ನಿಮ್ದು. ಈರುಳ್ಳಿ ಕಾಯ್ತದೆ ಕಣ್ರೀ, ತಾಯಿ ಜೀವ ಕಾಯಲ್ಲ!”

ಗಿರಿಜಾಂಬ ಕಣ್ಣು ಮುಚ್ಚಿಕೊಂಡು ಪ್ಲಗ್ ಎಳೆದಳು. ಸಾಹುಕಾರರ ಮಾತು ಕ್ವಿಂಟಾಲಿನ ನಡುವೆಯೇ ತುಂಡಾಯಿತು. ಮರುಗಳಿಗೆ ಲಕ್ಕವಳ್ಳಿಯ ತಾಯಿಯನ್ನು ಆಸ್ಪತ್ರೆಗೆ ಕೂಡಿಸಿದಳು. ‘ಗಂಡುಮಗು, ಇಬ್ರೂ ಚೆನ್ನಾಗವ್ರೆ’ ಎಂದು ನರ್ಸಮ್ಮ ಹೇಳಿದ್ದಷ್ಟೇ ಕೇಳಿಸಿತು. ಆಮೇಲೆ ಆ ತಾಯಿಯ ಅಳು, ನಗು... ಯಾವುದು ಯಾವುದೆಂದು ತಿಳಿಯಲಿಲ್ಲ.

ಗಿರಿಜಾಂಬ ತನ್ನ ಅಂಗೈ ನೋಡಿಕೊಂಡಳು. ಒಬ್ಬ ತಾಯಿಯ ಜೀವ ಹಿಂದಕ್ಕೆ ಬಂದ ಸುದ್ದಿ ಈ ಕೈಯ ಮೂಲಕ ಹಾದು ಹೋಯಿತೇ?

“ಕಡೂರ್...” ಆ ದನಿ ಮತ್ತೆ ಬಂತು. ಈ ಸಲ ಮೆತ್ತಗೆ. “ಕೂಗಾಡಿದ್ದು ತಪ್ಪಾಯ್ತು. ನಿಮ್ಗೆ ಒಳ್ಳೇದಾಗ್ಲಿ.”

ಅವನ ಹೆಸರು ಚಂದ್ರಶೇಖರ ಎಂದು ಅವಳಿಗೆ ತಿಳಿಸಿದವಳು ಗೆಳತಿ ಶಮ್ಶುನ್ನೀಸಾ. ಅದೇ ಎಕ್ಸ್‌ಚೇಂಜಿನಲ್ಲಿ ಅವಳಿಗಿಂತ ಎರಡು ವರ್ಷ ಹಳಬಳು.

“ಬಾಯಿ ಜೋರು, ಮನ್ಸು ಬೆಣ್ಣೆ” ಎಂದಳು ಶಮ್ಶು. “ಆದ್ರೆ ಮುಖ ಹೆಂಗದೋ ನಂಗೂ ಗೊತ್ತಿಲ್ಲಮ್ಮ. ನಾವು ಕಿವಿ ಜನ!”

*

ಆಪರೇಟರುಗಳು ಲೈನಿನ ಮೇಲೆ ಸ್ವಂತ ಮಾತು ಆಡಕೂಡದು. ಎಲ್ಲರೂ ಆಡುತ್ತಿದ್ದರು. ಒಂದು ಕಾಲ್ ಮುಗಿದು ಇನ್ನೊಂದು ಬರುವ ನಡುವಿನ ಸಂದಿಯಲ್ಲಿ ಗಿರಿಜಾಂಬ ಮತ್ತು ಚಂದ್ರಶೇಖರನ ಮಾತು ತುಂಡುತುಂಡಾಗಿ ಬೆಳೆಯಿತು.

“ತರೀಕೆರೆ, ನಿಮ್ಮಲ್ಲಿ ಸೀಮೆಎಣ್ಣೆ ಬಂತಾ?”

“ಬಂತು. ಕ್ಯೂ ನೋಡಿ ನಾನೇ ವಾಪಸ್ ಬಂದೆ.”

“ಮತ್ತೆ ಅಡಿಗೆ?”

“ಅವಲಕ್ಕಿ. ಬ್ರಹ್ಮಚಾರಿ ಪುರಾಣ ಯಾಕೆ ಕೇಳ್ತೀರಿ?”

ಹೀಗೆ ಒಂದೂವರೆ ವರ್ಷ. ಅವನಿಗೆ ತಂದೆತಾಯಿ ಇಲ್ಲ, ಸಖರಾಯಪಟ್ಟಣದ ಅಕ್ಕ ವಿಶಾಲಾಕ್ಷಮ್ಮ ಸಾಕಿ ಬೆಳೆಸಿದ್ದು ಎಂದು ಅವಳಿಗೆ ತಿಳಿಯಿತು. ಅವಳ ತಂದೆ ಪೋಸ್ಟ್‌ಮ್ಯಾನ್ ಆಗಿದ್ದವರು, ಕೆಲಸದಲ್ಲಿರುವಾಗಲೇ ತೀರಿಕೊಂಡರು, ಆ ಕಾರಣಕ್ಕೇ ಅವಳಿಗೆ ಈ ಕೆಲಸ ಸಿಕ್ಕಿತು ಎಂದು ಅವನಿಗೆ ತಿಳಿಯಿತು. ಮನೆ ಬಾಡಿಗೆ, ಚಿಕ್ಕಮಗಳೂರಿನಲ್ಲಿ ಓದುವ ತಮ್ಮನ ಹಾಸ್ಟೆಲು, ತಾಯಿ ತೀರ್ಥಮ್ಮನ ಔಷಧಿ... ಎಲ್ಲವೂ ಅವಳ ಸಂಬಳದ ಮೇಲೆ ನಿಂತಿದ್ದವು.

ಅದೇ ಅವಳ ಮದುವೆಗೂ ಅಡ್ಡ ನಿಂತಿತ್ತು. ನೋಡಲು ಬಂದವರು ಹೆಸರಿಗಿಂತ ಮೊದಲು ಸಂಬಳ ಕೇಳುತ್ತಿದ್ದರು. ಹಿರೇನಲ್ಲೂರಿನಿಂದ ಬಂದಿದ್ದ ಒಬ್ಬರಂತೂ ಉಪ್ಪಿಟ್ಟು ತಿಂದು ಕೈ ತೊಳೆಯುತ್ತ, “ಮದ್ವೆ ಆದ್ಮೇಲೆ ದುಡ್ಡೆಲ್ಲ ನಮ್ಮನೆಗೇ ತಾನೆ?” ಎಂದು ಕೇಳಿದ್ದರು.

ಅವರನ್ನು ಬಾಗಿಲವರೆಗೆ ಕಳಿಸಿ ಬಂದ ತೀರ್ಥಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದರು. “ನಿನ್ನ ಕಳಿಸಿದ್ರೆ ಒಲೆ ಆರ್ತದೆ. ಇಟ್ಕೊಂಡ್ರೆ ನಿನ್ನ ಬಾಳು ಆರ್ತದೆ. ನಾನೇನ್ ಮಾಡ್ಲಿ ಮಗಳೇ?”

‘ನನ್ನನ್ನು ನನಗಾಗಿ ಕೇಳಿಕೊಂಡು ಯಾರೂ ಬರುವುದಿಲ್ಲವೇ?’ ಎಂದು ಅನ್ನಿಸಿದಾಗಲೆಲ್ಲ ಗಿರಿಜಾಂಬಳಿಗೆ ಕಿವಿಯಲ್ಲಿ ಒಂದೇ ದನಿ ಕೇಳಿಸುತ್ತಿತ್ತು.

*

1980ರ ಜನವರಿಯ ಒಂದು ಸಂಜೆ. ಆ ಪಾಳಿ ಶಮ್ಶುವಿನದು. ಏಳು ತಿಂಗಳ ಬಸುರಿ, ಕಾಲು ಊದಿಕೊಂಡಿತ್ತೆಂದು ಗಿರಿಜಾಂಬ ಅವಳನ್ನು ಮನೆಗೆ ಕಳಿಸಿ ತಾನೇ ಕೂತಿದ್ದಳು.

ತರೀಕೆರೆಯ ಬೇರೊಬ್ಬ ಆಪರೇಟರು ಕಾಲ್ ಕೊಟ್ಟರು. “ಸಖರಾಯಪಟ್ಟಣ ಪೋಸ್ಟಾಫೀಸು. ವಿಶಾಲಾಕ್ಷಮ್ಮ ಅಂತ, ಅಲ್ಲೇ ಬಂದು ಕಾಯ್ತಾವ್ರೆ.”

ಚಂದ್ರಶೇಖರನ ಅಕ್ಕ! ಗಿರಿಜಾಂಬ ಲೈನು ಕೂಡಿಸಿದಳು. ಎರಡೂ ಕಡೆಯವರಿಗೆ ಕೇಳಿಸುತ್ತಿದೆಯೇ ಎಂದು ಆಪರೇಟರು ಒಂದು ಗಳಿಗೆ ಕಿವಿಗೊಡಬೇಕು. ಕೇಳಿಸಿತೆಂದು ಖಾತ್ರಿಯಾದ ಕೂಡಲೇ, ತನಗೆ ಮಾತು ಕೇಳಿಸದಂತೆ, ಕೀ ಮುಚ್ಚಬೇಕು. ಪದ್ಧತಿ ಅದು.

“ಅಕ್ಕಾ, ಕೇಳಿಸ್ತಿದೆಯಾ? ಕಡೂರಿನ ಹುಡುಗಿ ವಿಷ್ಯ ಹೇಳಿದ್ನಲ್ಲ... ಹ್ಞೂ, ಕೆಲಸದಲ್ಲವ್ಳೆ. ತಿಂಗಳಿಗೆ ನಾನೂರು ಚಿಲ್ರೆ ಬರ್ತದೆ. ಆ ಸಂಬಳದ ಲೆಕ್ಕ ನಾನಾಗ್ಲೇ ಹಾಕಿದೀನಿ...”

ಗಿರಿಜಾಂಬ ಕೀ ಮುಚ್ಚಿದಳು.

ಇನ್ನೊಂದು ಮಾತು ಕೇಳಬಹುದಿತ್ತು. ಯಾರೂ ನೋಡುತ್ತಿರಲಿಲ್ಲ. ಆದರೆ ಕದ್ದು ಕೇಳುವುದು ಪೋಸ್ಟ್‌ಮ್ಯಾನನ ಮಗಳಿಗೆ ಕಾಗದ ಒಡೆದು ಓದಿದಷ್ಟೇ ಪಾಪ.

‘ಲೆಕ್ಕ ಹಾಕಿದ್ದಾನಂತೆ... ಇವನೂ!’

ಮರುದಿನದಿಂದ ಅವಳ ಬಾಯಲ್ಲಿ ನಂಬರುಗಳು ಮಾತ್ರ ಉಳಿದವು.

“ಕಡೂರ್, ಹುಷಾರಿಲ್ವಾ?”

“ನಂಬರ್ ಹೇಳಿ.”

“ನನ್ನಿಂದ ಏನಾದ್ರೂ...”

“ನಂಬರ್ ಹೇಳಿ, ತರೀಕೆರೆ.”

ಶಮ್ಶುವಿಗೆ ವಿಷಯ ಗೊತ್ತಾದಾಗ ಹಣೆ ಚಚ್ಚಿಕೊಂಡಳು. “ಅರ್ಧ ಮಾತು ಕೇಳಿ ಯಾರಾದ್ರೂ ತೀರ್ಪು ಕೊಡ್ತಾರೇನೇ? ಕೇಳೋದಾದ್ರೆ ಪೂರ್ತಿ ಕೇಳು, ಇಲ್ಲಾಂದ್ರೆ ಅವನ್ನೇ ಕೇಳು! ಕಂಡೋರ ಮನೆಗೆಲ್ಲ ಲೈನ್ ಕೊಡ್ತೀಯ, ನಿನ್ನ ಮನ್ಸಿಗೆ ಒಂದು ಲೈನ್ ಕೊಡಕ್ಕಾಗಲ್ವಾ ಹುಚ್ಚಿ?”

ಕೇಳಿದರೆ ಅವನು ಹೌದು ಎಂದುಬಿಟ್ಟರೆ? ಆ ಭಯ ಗಿರಿಜಾಂಬಳ ಬಾಯಿ ಕಟ್ಟಿತ್ತು.

*

ಫೆಬ್ರುವರಿ 16, ಶನಿವಾರ. ಅಮಾವಾಸ್ಯೆ. ಸೂರ್ಯಗ್ರಹಣ.

ರೇಡಿಯೋ, ಪೇಪರು ವಾರದಿಂದ ಅದನ್ನೇ ಹೇಳುತ್ತಿದ್ದವು. ಉತ್ತರಕ್ಕೆ ಅಂಕೋಲದ ಕಡೆ ಪೂರ್ಣಗ್ರಹಣ. ಕಡೂರಿನಲ್ಲಿ ಸೂರ್ಯನ ಒಂದು ಅಂಚು ಮಾತ್ರ ಉಳಿಯುತ್ತದೆ. ಬರಿಗಣ್ಣಿನಲ್ಲಿ ನೋಡಿದರೆ ಕಣ್ಣು ಹೋಗುತ್ತದೆ.

ಮಧ್ಯಾಹ್ನದ ಪಾಳಿ ಮತ್ತೆ ಶಮ್ಶುವಿನದೇ. “ನಮ್ಮತ್ತೆ ಹೊಸಿಲು ದಾಟಕ್ಕೆ ಬಿಡಲ್ಲ ಕಣೇ” ಎಂದು ಅವಳು ಹೇಳಿ ಕಳಿಸಿದ್ದಳು. ಗಿರಿಜಾಂಬ ಹೊರಟು ನಿಂತಾಗ ತೀರ್ಥಮ್ಮ ಬಾಗಿಲಿಗೆ ಅಡ್ಡ ಬಂದರು.

“ಗ್ರಹಣದಾಗೆ ಯಾವಳೇ ಹೊರಗೆ ಹೋಗ್ತಾಳೆ?”

“ಗ್ರಹಣ ಅಂತ ಕಾಯಿಲೆ ನಿಲ್ತದೇನಮ್ಮ? ಯಾರಾದ್ರೂ ಬೋರ್ಡಲ್ಲಿ ಇರ್ಲೇಬೇಕು.”

ಬೀದಿಯಲ್ಲಿ ನರಪಿಳ್ಳೆಯಿಲ್ಲ. ಬಸ್‌ಸ್ಟ್ಯಾಂಡು ಬರಿದು. ಸಂತೆಮಾಳದ ಕಡೆಯಿಂದ ನಾಯಿಯ ದನಿಯೂ ಇಲ್ಲ. ಎಲ್ಲರ ಮನೆಯ ಬಾಗಿಲೂ ಮುಚ್ಚಿತ್ತು.

ಬೋರ್ಡಿನ ಮುಂದೆ ಕೂತಳು. ಕರೆ ಬಂದಾಗಲೆಲ್ಲ ಪಟಪಟನೆ ಬೀಳುವ ತಗಡಿನ ಬಿಲ್ಲೆಗಳಲ್ಲಿ ಒಂದೂ ಬೀಳಲಿಲ್ಲ. ಮಂಡಿ, ಆಸ್ಪತ್ರೆ, ತಾಲ್ಲೂಕು ಕಚೇರಿ, ಎಲ್ಲ ಮೌನ. ಇಡೀ ಸೀಮೆಯೇ ಉಸಿರು ಹಿಡಿದು ಕೂತಂತಿತ್ತು.

ಕಿಟಕಿಯ ಬೆಳಕು ನಿಧಾನವಾಗಿ ಬಣ್ಣ ಕಳೆದುಕೊಂಡಿತು. ಸಂಜೆಯ ಕೆಂಪಲ್ಲ, ಮೋಡದ ಮಬ್ಬಲ್ಲ... ಅವಳು ಹಿಂದೆಂದೂ ಕಾಣದ ಬೂದಿ ಬೆಳಕು.

ಆಗ ಒಂದೇ ಒಂದು ಬಿಲ್ಲೆ ಬಿತ್ತು.

ತರೀಕೆರೆ!

“ನಂಬರ್ ಹೇಳಿ.”

“ನಂಬರ್ ಇಲ್ಲ.” ಅವನ ದನಿ ಪಿಸುಗುಟ್ಟಿತು. “ನಿಮ್ಮ ಆಫೀಸ್ ಹಿಂದೆ ಮರ ಇದೆಯಾ?”

“ಹುಣಸೆಮರ ಇದೆ. ಯಾಕೆ?”

“ಈಗ್ಲೇ ಅಲ್ಲಿಗೆ ಹೋಗಿ. ತಲೆ ಎತ್ತಬೇಡಿ, ಸೂರ್ಯನ್ನ ನೋಡ್ಬೇಡಿ. ನೆಲ ನೋಡಿ. ನೆರಳಲ್ಲಿ ನೆಲ ನೋಡಿ!”

“ಬೋರ್ಡ್ ಬಿಟ್ಟು...”

“ಒಂದು ನಿಮಿಷ. ಇವತ್ತು ಯಾರೂ ಕರೆಯಲ್ಲ. ಗಿರಿಜಾ, ಹೋಗಿ!”

ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದಿದ್ದ. ಅವಳು ಹೆಡ್‌ಸೆಟ್ ತೆಗೆದಿಟ್ಟು ಎದ್ದಳು.

ಹಿತ್ತಲ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು.

ಹುಣಸೆಮರದ ಕೆಳಗೆ, ದಿನವೂ ಎಲೆಗಳ ಸಂದಿಯಿಂದ ದುಂಡು ದುಂಡು ಬಿಸಿಲು ಬೀಳುವ ಜಾಗದಲ್ಲಿ, ನೆಲದ ತುಂಬ ಬಿದಿಗೆ ಚಂದ್ರರು! ಒಂದಲ್ಲ, ಹತ್ತಲ್ಲ... ಎಣಿಸಲಾಗದಷ್ಟು ಸಣ್ಣ ಸಣ್ಣ ಬೆಳಕಿನ ಕುಡುಗೋಲುಗಳು. ಗೋಡೆಯ ಮೇಲೆ, ನೀರಿನ ತೊಟ್ಟಿಯ ಅಂಚಿನ ಮೇಲೆ, ಅವಳ ಪಾದಗಳ ಮೇಲೆ. ಗಾಳಿ ಬೀಸಿದರೆ ಎಲ್ಲವೂ ಒಟ್ಟಿಗೆ ನಡುಗುತ್ತಿದ್ದವು.

ಪ್ರತಿಯೊಂದೂ ಸೂರ್ಯನ ಚಿತ್ರ. ಎಲೆಗಳ ಸಂದಿ ಸಂದಿಯೂ ಒಂದೊಂದು ಕಣ್ಣಾಗಿ, ಮರವೇ ಆಕಾಶವನ್ನು ನೋಡಿ ಅವಳಿಗೆ ತೋರಿಸುತ್ತಿತ್ತು.

ಗಿರಿಜಾಂಬ ಸೆರಗು ಚಾಚಿದಳು. ಬಿಳಿಯ ವಾಯಿಲ್ ಸೀರೆಯ ಮೇಲೆ ಚಂದ್ರರು ಬಂದು ಕೂತರು. ಅವಳಿಗೆ ಅಳು ಬಂತು. ದುಃಖಕ್ಕಲ್ಲ. ಬಾಡಿಗೆ, ಔಷಧಿ, ಹಾಸ್ಟೆಲು ಎಂದು ತಲೆ ತಗ್ಗಿಸಿಕೊಂಡೇ ನಡೆದ ಇಷ್ಟು ವರ್ಷಗಳಲ್ಲಿ ನೆಲ ಇಷ್ಟು ಚೆಂದ ಇರಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ!

ಓಡಿಬಂದು ಹೆಡ್‌ಸೆಟ್ ಹಾಕಿಕೊಂಡಳು.

“ನೋಡಿದ್ರಾ?”

“ನೋಡ್ದೆ... ನೆಲದ ತುಂಬ... ನನ್ನ ಸೀರೆ ಮೇಲೂ...”

“ಇಲ್ಲಿ ಮಾವಿನಮರದ ಕೆಳಗೂ ಹಂಗೇ. ಕಂಡ ತಕ್ಷಣ, ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು. ಯಾರಿಗಾದ್ರೂ ಅಲ್ಲ. ನಿಮಗೆ.”

ಲೈನಿನ ಮೇಲೆ ಸಣ್ಣ ಗಾಳಿಯ ಸದ್ದು. ಕಡೂರಿನಿಂದ ತರೀಕೆರೆಯವರೆಗೆ ಆ ತಂತಿಯ ಮೇಲೆ ಬೇರಾರೂ ಇರಲಿಲ್ಲ. ಅದಕ್ಕಾಗಿ ಕಾಯುವವರೂ ಇರಲಿಲ್ಲ.

ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆ ಎಂದು ಗಿರಿಜಾಂಬಳಿಗೆ ಅನ್ನಿಸಿತು.

“ನಿಮ್ಮಕ್ಕನ ಹತ್ರ ನನ್ನ ಸಂಬಳದ ಮಾತಾಡಿದ್ರಿ. ನಾನೇ ಲೈನ್ ಕೊಟ್ಟಿದ್ದೆ. ಲೆಕ್ಕ ಹಾಕಿದೀನಿ ಅಂದ್ರಿ...”

“ಅಯ್ಯೋ! ಆ ಹೊತ್ತು ಶಮ್ಶುನ್ನೀಸಾ ಅವ್ರು ಇರ್ತಾರೆ ಅಂದ್ಕೊಂಡಿದ್ದೆ! ಆಮೇಲೆ ಹೇಳಿದ್ದು ಕೇಳ್ಲಿಲ್ವಾ?”

“ಕೀ ಮುಚ್ಚಿದೆ.”

“ಅಷ್ಟಕ್ಕೇ ಮುಚ್ಚಿಬಿಟ್ರಾ?” ಅವನು ನಕ್ಕನೋ ನಿಟ್ಟುಸಿರು ಬಿಟ್ಟನೋ. “ನಿಮ್ಮಂಥ ಸತ್ಯವಂತರ ಜೊತೆ ಬಾಳೋದು ಕಷ್ಟ ಕಣ್ರೀ! ಅದಾದ್ಮೇಲೆ ನಾನು ಹೇಳಿದ್ದು ಇಷ್ಟು. ಅಕ್ಕಾ, ಆ ಸಂಬಳ ಅವಳ ತಾಯಿಮನೇದು. ಅದ್ರಲ್ಲಿ ಒಂದು ಕಾಸೂ ನಮ್ಮನೆಗೆ ಬರ್ಬಾರ್ದು. ನನ್ನ ಸಂಬಳದಲ್ಲೇ ಇಬ್ರು ಬಾಳ್ತೀವಿ. ಇದಕ್ಕೆ ನೀನು ಒಪ್ಪಿದ್ರೆ ಹೆಣ್ಣು ಕೇಳೋಣ ಬಾ, ಇಲ್ದಿದ್ರೆ ನಾನೊಬ್ನೇ ಹೋಗಿ ಕೇಳ್ತೀನಿ ಅಂದೆ.”

ಗಿರಿಜಾಂಬ ಬೋರ್ಡಿನ ಅಂಚು ಹಿಡಿದುಕೊಂಡಳು.

“ಅಕ್ಕ ಏನಂದ್ರು?”

“‘ಲೇ, ನನ್ನೇನು ದುಡ್ಡಿನ ಪಿಶಾಚಿ ಅಂದ್ಕೊಂಡ್ಯಾ’ ಅಂತ ಉಗಿದ್ಲು. ಅವತ್ತಿಂದ ಯಾವಾಗ ಹೋಗೋಣ ಅಂತ ಜೀವ ತಿಂತವ್ಳೆ. ನೀವು ನೋಡಿದ್ರೆ ನಂಬರ್ ಹೇಳಿ, ನಂಬರ್ ಹೇಳಿ ಅಂತೀರಿ! ಯಾವ ಮುಖ ಇಟ್ಕೊಂಡು ಬರ್ಲಿ?”

ಅವಳು ಅಳುತ್ತಲೇ ನಕ್ಕಳು. ಆಮೇಲೆ ಏನೋ ನೆನಪಾಗಿ ನೆಟ್ಟಗೆ ಕೂತಳು.

“ಒಂದ್ನಿಮಿಷ. ನನ್ನ ಸಂಬಳ ಎಲ್ಲಿಗೆ ಹೋಗ್ಬೇಕು, ಎಲ್ಲಿಗೆ ಹೋಗ್ಬಾರ್ದು ಅಂತ ತೀರ್ಮಾನ ಮಾಡೋಕೆ ನೀವ್ಯಾರ್ರೀ?”

“ಅಂದ್ರೆ...?”

“ಅಮ್ಮನಿಗೆ, ತಮ್ಮನಿಗೆ ಬೇಕಾದ್ದು ಕೊಟ್ಟೇ ಕೊಡ್ತೀನಿ. ಮಿಕ್ಕಿದ್ದು ನಾನಿರೋ ಮನೆಗೆ. ನಿಮ್ಮ ಅವಲಕ್ಕಿ ತಿನ್ಕೊಂಡು ಬಿಟ್ಟಿ ಬಾಳೋಳಲ್ಲ ನಾನು.”

“ತಪ್ಪಾಯ್ತು ತಾಯಿ!” ಅವನ ದನಿ ಒದ್ದೆಯಾಗಿತ್ತು. “ನಾಳೆ ಬರ್ಲಾ? ಅಕ್ಕನ್ನ ಕರ್ಕೊಂಡು?”

ಕಿಟಕಿಯಲ್ಲಿ ಬೆಳಕು ಮರಳುತ್ತಿತ್ತು. ಆಸ್ಪತ್ರೆಯ ಬಿಲ್ಲೆ ಬಿತ್ತು. ಹಿಂದೆಯೇ ಮಂಡಿಯದು, ಪೊಲೀಸ್ ಠಾಣೆಯದು...

“ಬನ್ನಿ” ಎಂದಳು ಗಿರಿಜಾಂಬ. ಪ್ಲಗ್ ಎತ್ತಿಕೊಂಡಳು.

*

ಭಾನುವಾರ ಬಂದ ಅಕ್ಕತಮ್ಮರ ಮುಂದೆ ತೀರ್ಥಮ್ಮ ಹೆಣ್ಣಿನ ಕಡೆಯ ಮಾತನ್ನೆಲ್ಲ ತಾವೇ ಆಡಿ ಮುಗಿಸಿದರು. “ನೋಡ್ರಮ್ಮ, ನಮ್ದು ಇವಳ ದುಡಿಮೇಲೆ ನಡಿಯೋ ಸಂಸಾರ. ಮುಚ್ಚಿಟ್ಟು ಮಗಳನ್ನ ಕೊಡಲ್ಲ.”

ವಿಶಾಲಾಕ್ಷಮ್ಮ ಬಾಯಲ್ಲಿದ್ದ ಎಲೆಅಡಿಕೆ ಕೆನ್ನೆಗೆ ಸರಿಸಿದರು. “ಮುಚ್ಚಿಡೋಕೆ ಇವನು ಬಿಟ್ರಲ್ವಾ? ಒಂದೂವರೆ ವರ್ಷದಿಂದ ಕಡೂರು, ಕಡೂರು ಅಂತಾನೆ. ಇವನಿಗೆ ಇಲ್ಲಿಗೆ ಟ್ರಾನ್ಸ್‌ಫರ್ ಬೇಕೇನೋ ಅಂತ ನಾನು ಸುಮ್ನಿದ್ದೆ! ಹುಡುಗಿ ದುಡಿದು ಹೆತ್ತೋಳನ್ನ ಸಾಕ್ತಾಳೆ ಅಂದ್ರೆ ನಾಳೆ ನನ್ನೂ ನಡುನೀರಲ್ಲಿ ಕೈ ಬಿಡಲ್ಲ. ನಂಗೆ ಅಷ್ಟು ಸಾಕು ತಾಯಿ.”

ತೀರ್ಥಮ್ಮ ಎದ್ದು ಹೋಗಿ ಸಕ್ಕರೆ ಡಬ್ಬಿ ತಂದು ವಿಶಾಲಾಕ್ಷಮ್ಮನ ಕೈಗೆ ಸಕ್ಕರೆ ಹಾಕಿದರು. ಅವಸರದಲ್ಲಿ ಅರ್ಧ ನೆಲಕ್ಕೇ ಚೆಲ್ಲಿತು.

ಹಿರಿಯರಿಬ್ಬರೂ ಒಳಗೆ ಹೋದ ಮೇಲೆ ಪಡಸಾಲೆಯಲ್ಲಿ ಇಬ್ಬರೇ ಉಳಿದರು.

ಗಿರಿಜಾಂಬ ಕಂಬಕ್ಕೊರಗಿ ನಿಂತು ನೋಡಿದಳು. ಅವಳು ಅಂದುಕೊಂಡಷ್ಟು ಎತ್ತರ ಅವನಿರಲಿಲ್ಲ. ಕನ್ನಡಕವಿತ್ತು. ಎಡಗೆನ್ನೆಯ ಮೇಲೆ ಸಣ್ಣದೊಂದು ಗಾಯದ ಗುರುತು. ಆ ದನಿಗೆ ಈ ಮುಖ! ಇಷ್ಟು ದಿನ ಗಾಳಿಯಾಗಿದ್ದವನು ಮೈಕೈ ತುಂಬಿಕೊಂಡು ತನ್ನ ಮನೆಯ ಚಾಪೆಯ ಮೇಲೆ ಕೂತಿದ್ದಾನೆ, ಕಾಫಿ ಲೋಟ ಬಿಸಿಯೆಂದು ಕೈ ಬದಲಿಸುತ್ತಿದ್ದಾನೆ! ಅವಳಿಗೆ ಕಣ್ಣು ತೆಗೆಯಲಾಗಲಿಲ್ಲ.

ಚಂದ್ರಶೇಖರ ಬೆವರಿದ. “ಏನಾದ್ರೂ ಮಾತಾಡಿ ಗಿರಿಜಾ...”

“ಮಾತು ಬೇಕಾದಷ್ಟು ಆಡಿದೀವಲ್ಲ. ಈಗ ಸುಮ್ನಿರಿ, ಸ್ವಲ್ಪ ನೋಡ್ಕೋತೀನಿ.”

“ಎಷ್ಟು ಹೊತ್ತು?”

“ಯಾಕೆ, ಬಸ್ಸಿಗೆ ಹೊತ್ತಾಯ್ತಾ?”

ಅವನು ಲೋಟ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ಅವಳತ್ತ ಮುಖವೆತ್ತಿದ.

“ಇಲ್ಲ” ಎಂದ. “ನೋಡ್ಕೊಳ್ಳಿ.”