ಹಗುರಾದ ಕೊರಳು

ಸ್ವರ್ಗದ ಹಕ್ಕಿಯ ಕುಣಿತ ನೋಡಲು ನಮ್ಮ ಕಾಡಿನ ಬಿಡಾರಕ್ಕೆ ಬರುವವರಿಗೆ ನನ್ನ ಗಂಡ ಲಾಕಾನ್ ದಾರಿ ತೋರಿಸುತ್ತಿದ್ದ, ನಾನು ಗೆಣಸು ಸುಟ್ಟು ಕೊಡುತ್ತಿದ್ದೆ. ಅವನು ತೀರಿಕೊಂಡ ಮೇಲೆ ನಮ್ಮ ಬೆಟ್ಟದ ವಿಧವೆಯರಂತೆ ನಾನೂ ಕೊರಳ ತುಂಬ ಬೂದು ಬೀಜದ ಸರಗಳನ್ನು ಹೊತ್ತೆ. ದಿನಕ್ಕೊಂದೇ ಸರ ತೆಗೆಯಬೇಕು. ಕೊನೆಯದು ಹೋದಾಗ ಸೂತಕ ಕಳೆಯುತ್ತದೆ.

ಸರಗಳು ಬೇಗಬೇಗ ಕರಗುತ್ತಿರುವುದನ್ನು ನೋಡಿ ನಾದಿನಿ ಯಾಕಮೆ ಕಿಡಿಕಿಡಿಯಾದಳು.

“ಏನತ್ತಿಗೆ, ನಮ್ಮಣ್ಣ ಇಷ್ಟು ಬೇಗ ಭಾರ ಆಗ್ಬಿಟ್ನಾ?”

“ದಿನಕ್ಕೊಂದೇ ಕಣೇ ತೆಗೆಯೋದು.”

“ನಾನೂ ನೋಡ್ತೀನಿ,” ಎಂದವಳು ಮರುದಿನ ಬೆಳಿಗ್ಗೆಯೇ ಬಂದು ಒಲೆಯೆದುರು ಕೂತಳು.

ನನ್ನ ಎರಡೂ ಕೈಗಳು ಗೆಣಸು ಹೊರಳಿಸುತ್ತಿದ್ದವು. ಬೆನ್ನ ಹಿಂದೆ ಒದ್ದೆ ಪಾಚಿಯ ವಾಸನೆ ಬಂತು. ಕೊರಳಿಗೆ ತಣ್ಣನೆಯ ಬೆರಳು ಸೋಕಿದಂತಾಗಿ, ಭಾರ ಒಂದಿಷ್ಟು ಇಳಿಯಿತು. ನಾನು ಸೌದೆ ಹೊತ್ತು ಬರುವಾಗ ಲಾಕಾನ್ ಹೀಗೇ, ಮಾತಿಲ್ಲದೆ, ಹಿಂದಿನಿಂದ ಬಂದು ಅರ್ಧ ಹೊರೆ ಇಳಿಸಿಕೊಳ್ಳುತ್ತಿದ್ದ.

“ಅತ್ತಿಗೆ,” ಯಾಕಮೆ ನನ್ನ ಕೊರಳಿಗೆ ಬೊಟ್ಟು ಮಾಡಿದಳು, “ಒಂದು ಸರ ಹೋಯ್ತು. ನೀನು ಕೈನೇ ಎತ್ತಲಿಲ್ವಲ್ಲ.”

ಅಷ್ಟರಲ್ಲಿ ಮೊರೆಸ್ಬಿ ಪಟ್ಟಣದಿಂದ ಬಂದಿದ್ದ ಅತಿಥಿ ಹಕ್ಕಿ ನೋಡಿಕೊಂಡು ಮರಳಿದ. “ಅಕ್ಕಾ, ಹಕ್ಕಿ ಕುಣಿಯೋ ಮರದ ಕೆಳಗೆ ಕೂತಿರೋ ಅಣ್ಣ ಯಾರು? ನಿಮ್ಮ ಥರಾನೇ ಕೊರಳ ತುಂಬ ಸರ ಹಾಕ್ಕೊಂಡಿದ್ದಾರೆ.”

ನಮ್ಮ ಬೆಟ್ಟದಲ್ಲಿ ಗಂಡಸರು ಆ ಸರ ಹಾಕುವುದಿಲ್ಲ.